ಟೊಮೆಟೊ ಲೋಡಿಗೆ ಬೊಲೆರೊ ಮ್ಯಾಕ್ಸ್ 1.7 ಒಳ್ಳೆಯದಾ, ಯೋಧ 1700 ಒಳ್ಳೆಯದಾ?

ತಾಯಲೂರು ಟೊಮೆಟೊ

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕು ತಾಯಲೂರು ಕಡೆಯವನು. ನಮ್ಮದು ನಾಲ್ಕು ಎಕರೆ. ಎರಡು ಎಕರೆಯಲ್ಲಿ ಟೊಮೆಟೊ, ಉಳಿದಿದ್ದರಲ್ಲಿ ಬೀನ್ಸ್, ಕ್ಯಾಪ್ಸಿಕಂ, ಮನೆಗೆ ಬೇಕಾದಷ್ಟು ರಾಗಿ. ಮಾಲು ಹೋಗುವುದು ಕೋಲಾರ ಎಪಿಎಂಸಿಗೆ. ತೋಟದಿಂದ ಮಂಡಿಗೆ ಒಂದು ಕಡೆಗೆ 40 ಕಿ.ಮೀ. ಮೇಲಾಗುತ್ತದೆ.

ಇಲ್ಲಿಯವರೆಗೂ ಬಾಡಿಗೆ ಪಿಕಪ್‌ನಲ್ಲೇ ಹಾಕುತ್ತಿದ್ದೆವು. ಬಾಕ್ಸಿಗೆ 15 ರೂಪಾಯಿ. ದುಡ್ಡಿನ ಬಗ್ಗೆ ಬೇಜಾರಿಲ್ಲ. ಹೋದ ಬೇಸಿಗೆಯಲ್ಲಿ ಏನಾಯಿತು ಅಂದರೆ, 92 ಬಾಕ್ಸ್ ತುಂಬಿಕೊಂಡು ಬೆಳಗಿನ ಜಾವ ಹೊರಟ ಬಾಡಿಗೆ ಗಾಡಿ ಹೆದ್ದಾರಿಯಲ್ಲಿ ನಿಂತುಬಿಟ್ಟಿತು. ಕ್ಲಚ್ ಪ್ಲೇಟ್ ಸುಟ್ಟು ಹೋಗಿತ್ತು. ಅದು ಮೊದಲಿಂದಲೂ ಜಾರುತ್ತಿತ್ತಂತೆ, ಗಾಡಿಯವರು ಹೇಳಿರಲಿಲ್ಲ. ಬೇರೆ ಗಾಡಿ ಹುಡುಕಿ, ಬಿಸಿಲಲ್ಲಿ ಒಂದೊಂದೇ ಬಾಕ್ಸ್ ದಾಟಿಸಿ, ಮಂಡಿ ಮುಟ್ಟುವಾಗ ನಮ್ಮ ಸಾಲಿನ ಹರಾಜು ಮುಗಿದಿತ್ತು. ಕೆಳಗಿನ ಬಾಕ್ಸುಗಳಲ್ಲಿ ಹಣ್ಣು ಬಿರುಕು ಬಿಟ್ಟು ನೀರು ಸೋರುತ್ತಿತ್ತು. ಮಾರನೇ ದಿನ ಸಿಕ್ಕಿದ ರೇಟಿಗೆ ಕೊಟ್ಟು ಬಂದೆವು. ಅಪ್ಪ ಮನೆಗೆ ಬಂದು ಊಟ ಮಾಡದೆ ಮಲಗಿದರು. ಆವತ್ತೇ ಸ್ವಂತ ಗಾಡಿ ಮಾಡಬೇಕು ಅಂತ ತೀರ್ಮಾನ ಮಾಡಿದೆ.

ಈಗ ಎರಡು ಗಾಡಿ ನೋಡಿದ್ದೇನೆ. ಎರಡೂ ಡೀಸೆಲ್, ಎರಡೂ ಸಿಂಗಲ್ ಕ್ಯಾಬಿನ್.

ಒಂದು ಮಹೀಂದ್ರ ಬೊಲೆರೊ ಮ್ಯಾಕ್ಸ್ ಪಿಕಪ್ ಎಚ್‌ಡಿ 1.7. ಎಂಜಿನ್ 2523 ಸಿಸಿ, ಸುಮಾರು 80 ಎಚ್‌ಪಿ, ಟಾರ್ಕ್ (ಎಳೆಯುವ ಬಲ) 220.

ಇನ್ನೊಂದು ಟಾಟಾ ಯೋಧ 1700. ಎಂಜಿನ್ ಚಿಕ್ಕದು, 2179 ಸಿಸಿ. ಆದರೆ 100 ಎಚ್‌ಪಿ, ಟಾರ್ಕ್ 250.

ಆನ್‌ರೋಡ್ ಬೆಲೆಯಲ್ಲಿ ನನಗೆ ಕೊಟ್ಟ ಕೊಟೇಶನ್ ಪ್ರಕಾರ 40 ಸಾವಿರದ ಒಳಗೇ ವ್ಯತ್ಯಾಸ. ಊರಲ್ಲಿ ಕೇಳಿದರೆ ಎಲ್ಲರೂ ಬೊಲೆರೊ ಅಂತಾರೆ. ಕಾಗದದ ಮೇಲೆ ನೋಡಿದರೆ ಯೋಧನಿಗೆ 20 ಎಚ್‌ಪಿ ಜಾಸ್ತಿ ಇದೆ. ಅದನ್ನು ಬಿಟ್ಟು ಕೊಡೋದು ಹೇಗೆ ಅನ್ನೋದೇ ನನ್ನ ತಲೆನೋವು.

ಓಡಿಸುವುದು ನಾನು ಮತ್ತು ಚಿಕ್ಕಪ್ಪನ ಮಗ ತಮ್ಮ. ಮಾಮೂಲಿ ಕೊಯ್ಲಿಗೆ 80ರಿಂದ 90 ಬಾಕ್ಸ್ ಬರುತ್ತದೆ. ರೇಟು ಚೆನ್ನಾಗಿದ್ದರೆ ಆಂಧ್ರದ ಮದನಪಲ್ಲಿ ಮಾರ್ಕೆಟ್‌ಗೂ ಹೋಗುವ ಆಸೆ ಇದೆ. ಎರಡರಲ್ಲಿ ಯಾವುದಾದರೂ ಓಡಿಸಿದವರು ದಯವಿಟ್ಟು ಹೇಳಿ. ಸಾಲದಲ್ಲಿ ತಗೊಳ್ಳುತ್ತಿರೋದು, ತಪ್ಪಿದರೆ ಐದು ವರ್ಷ ಅನುಭವಿಸಬೇಕು.

---

ಮಾವಿನ ಸೀಮೆ, ಶ್ರೀನಿವಾಸಪುರ

ನನ್ನ ಹತ್ತಿರ ಬೊಲೆರೊ ಪಿಕಪ್ ಇದೆ. ಮ್ಯಾಕ್ಸ್ ಅಲ್ಲ, ಅದರ ಹಿಂದಿನದು. ನಾಲ್ಕು ವರ್ಷ ಆಯಿತು. ಮೇ, ಜೂನ್‌ನಲ್ಲಿ ಮಾವು, ಉಳಿದ ಕಾಲದಲ್ಲಿ ಟೊಮೆಟೊ. ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಮಾರುವಾಗ ಒಳ್ಳೆ ರೇಟು ಸಿಗುತ್ತದೆ, ಮನೆ ಮುಂದೆ ಬಂದು ಕೇಳುತ್ತಾರೆ. ಮ್ಯಾಕ್ಸ್‌ಗೆ ಸರ್ವಿಸ್ 20,000 ಕಿ.ಮೀ.ಗೆ ಒಂದು ಸಲ ಅಂತ ಕಂಪನಿಯವರೇ ಹೇಳ್ತಾರೆ. ನಮ್ಮಂಥ ಧೂಳಿನ ದಾರಿಯವರು ಅಷ್ಟು ದಿನ ಏರ್ ಫಿಲ್ಟರ್ ತೆಗೆದು ನೋಡದೆ ಇರಬಾರದು, ಅಷ್ಟೇ.

ಇನ್ನೊಂದು ಮಾತು. ಟೊಮೆಟೊ ರೇಟು ನಂಬಿಕೊಂಡು ಇಎಂಐ ಲೆಕ್ಕ ಹಾಕಬೇಡಿ. 2023ರ ಜುಲೈಯಲ್ಲಿ 15 ಕೆಜಿ ಬಾಕ್ಸ್ 2 ಸಾವಿರ ದಾಟಿದಾಗ ನಮ್ಮ ಕಡೆ ಎಷ್ಟೋ ಜನ ಗಾಡಿ ಬುಕ್ ಮಾಡಿದರು. ಆಮೇಲೆ ರೇಟು ಬಿತ್ತು, ಕಂತು ಹಾಗೇ ಇತ್ತು. ಅಕ್ಕಪಕ್ಕದ ತೋಟದವರ ಬಾಡಿಗೆ ಎಷ್ಟು ಸಿಗುತ್ತದೆ ನೋಡಿ. ಆ ದುಡ್ಡಲ್ಲಿ ಕಂತು ಹೋಗುವ ಹಾಗಿರಬೇಕು.

---

ಸಕಲೇಶಪುರ ಕಾಫಿ

ನಾನು ಯೋಧ ಇಟ್ಟಿದ್ದೇನೆ, ಹಾಗಾಗಿ ಆ ಕಡೆ ಮಾತೂ ಒಂದಿರಲಿ. ನಿಮ್ಮ ಮುಳಬಾಗಿಲಿನ ಮೇಲೆ ಹೋಗುವ ಹೆದ್ದಾರಿ 75 ಇದೆಯಲ್ಲ, ಅದೇ ರಸ್ತೆ ಈ ತುದಿಯಲ್ಲಿ ನಮ್ಮ ಶಿರಾಡಿ ಘಾಟಿ. ಕಾಫಿ ಚೀಲ 50 ಕೆಜಿ. 30 ಚೀಲ ಹಾಕಿದರೆ ಒಂದೂವರೆ ಟನ್. ಮಳೆಯಲ್ಲಿ ಆ ಲೋಡು ಹೊತ್ತು ಏರು ಹತ್ತುವಾಗ ಆ 250 ಟಾರ್ಕ್ ಏನು ಅಂತ ಕಾಲಿಗೆ ಗೊತ್ತಾಗುತ್ತದೆ. ಮೂರನೇ ಗೇರಲ್ಲಿ ಹೋಗುತ್ತಿರುತ್ತೇನೆ, ತಿರುವಿನಲ್ಲಿ ಲಾರಿ ಅಡ್ಡ ಬಂದು ನಿಧಾನ ಮಾಡಬೇಕಾಗುತ್ತದೆ. ಎರಡಕ್ಕೆ ಹಾಕಿ ಮತ್ತೆ ಎಳೆಯುವಾಗ ಗಾಡಿ ಗೋಳಾಡುವುದಿಲ್ಲ. ನಮ್ಮ ಎಸ್ಟೇಟ್ ದಾರಿಗಳಿಗೆ ಯೋಧದಲ್ಲಿ 4x4 ಕೂಡ ಸಿಗುತ್ತದೆ.

ಆದರೆ ನಿಮ್ಮದು ಬಯಲು ಸೀಮೆ. ತಾಯಲೂರಿಂದ ಕೋಲಾರಕ್ಕೆ ಎಷ್ಟು ಏರು ಇದೆ? ಇಲ್ಲ ಅಂದರೆ ನಾನು ಕೊಟ್ಟ 20 ಎಚ್‌ಪಿ ದುಡ್ಡನ್ನು ನೀವು ಕೊಡಬೇಕಾ, ಯೋಚನೆ ಮಾಡಿ. ನನ್ನ ಗಾಡಿ ನನಗೆ ಬಹಳ ಇಷ್ಟ. ಹಾಗಂತ ನಿಮಗೂ ಅದೇ ಸರಿ ಅಂತ ಹೇಳೋಕೆ ಮನಸ್ಸು ಬರಲ್ಲ.

---

ಗ್ಯಾರೇಜ್ ಅಣ್ಣ, ಕೋಲಾರ

ತಮ್ಮಾ, ನಾನು 22 ವರ್ಷದಿಂದ ಪಿಕಪ್‌ಗಳ ಕೆಳಗೇ ಮಲಗಿ ಕೆಲಸ ಮಾಡಿದವನು. ಎರಡೂ ಒಳ್ಳೆ ಗಾಡಿ, ಆ ಬಗ್ಗೆ ಅನುಮಾನ ಬೇಡ. ನೀನು ಎಚ್‌ಪಿ ಹಿಡಿದುಕೊಂಡು ಕೂತಿದ್ದೀಯ. ಅದಕ್ಕಿಂತ ಮೊದಲು ನೋಡೋದು ಬೇರೆ ಇದೆ.

ಮೊದಲನೇದು ತೂಕ. 1.7 ಅಂತ ಬರೆದಿದ್ದಾರೆ ಅಂತ 1,700 ಕೆಜಿ ಟೊಮೆಟೊ ಹಾಕೋಕೆ ಆಗಲ್ಲ. ಆರ್‌ಸಿಯಲ್ಲಿ ಎರಡು ತೂಕ ಇರುತ್ತದೆ, ಖಾಲಿ ಗಾಡಿ ತೂಕ ಒಂದು, ಲೋಡಾದ ಮೇಲಿನ ಒಟ್ಟು ತೂಕ ಒಂದು. ಖಾಲಿ ತೂಕದಲ್ಲಿ ಡ್ರೈವರ್ ಲೆಕ್ಕ ಇರುವುದಿಲ್ಲ. ಹಾಗಾಗಿ ಡ್ರೈವರ್, ಪಕ್ಕದಲ್ಲಿ ಕೂತವರು, ನೀನು ಆಮೇಲೆ ಕೂರಿಸುವ ಕಬ್ಬಿಣದ ಗ್ರಿಲ್ಲು, ಟಾರ್ಪಾಲು ಎಲ್ಲ ನಿನ್ನ 1,700ರಲ್ಲೇ ಕಳೆಯಬೇಕು. ಕ್ಯಾಬಿನ್ನಿನಲ್ಲಿ ಮೂರು ಜನ ಕೂತರೆ 200 ಕೆಜಿ ಹೋಯಿತು.

ಬಾಕ್ಸಲ್ಲಿ 15 ಕೆಜಿ ಹಣ್ಣು. ಖಾಲಿ ಬಾಕ್ಸ್ ತೂಗಿ ನೋಡು, ಎರಡು ಕೆಜಿ ಹತ್ತಿರ ಇರುತ್ತದೆ. ಒಂದು ಬಾಕ್ಸಿಗೆ 17 ಅಂತ ಇಟ್ಟುಕೋ. ಮೂರು ಜನ ಕೂತರೆ 12 ಬಾಕ್ಸ್ ಜಾಗ ಹೋಯಿತು. ಇಬ್ಬರೇ ಹೋದರೆ ಹತ್ತಿರ ಹತ್ತಿರ 92 ಬಾಕ್ಸ್. ಹೋದ ವರ್ಷ ನಿನ್ನ ಲೋಡು ಅಷ್ಟೇ ಅಲ್ವಾ? ಅದೇ 1.3 ಟನ್ ಗಾಡಿ ಆದರೆ 68ಕ್ಕೆ ನಿಲ್ಲಿಸಬೇಕು. ನಿನ್ನ ಕೊಯ್ಲಿಗೆ ಸಾಲಲ್ಲ. 1.7 ನೋಡಿದ್ದು ಸರಿಯಾಗಿದೆ.

ಆದರೆ ಅದರಿಂದ ಇನ್ನೊಂದು ಬರುತ್ತದೆ. ಒಟ್ಟು ತೂಕ 3,000 ಕೆಜಿ ದಾಟದ ಗೂಡ್ಸ್ ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಪರ್ಮಿಟ್ ವಿನಾಯಿತಿ ಇದೆ. 1.7 ಹೊರುವ ಗಾಡಿ ಯಾವ ಕಂಪನಿಯದಾದರೂ 3 ಟನ್ ದಾಟುತ್ತದೆ. ಹಾಗಾಗಿ ಪರ್ಮಿಟ್ ಮಾಡಿಸಲೇಬೇಕು, ಮದನಪಲ್ಲಿಗೆ ಹೋಗೋದಾದರೆ ಆಂಧ್ರಕ್ಕೂ ನಡೆಯುವ ಪರ್ಮಿಟ್ ಬೇಕು. ಬುಕ್ ಮಾಡೋ ದಿನವೇ ಇದನ್ನು ಮಾತಾಡಿಕೋ. ಗಾಡಿ ಮನೆಗೆ ಬಂದ ಮೇಲೆ ನಂಗಲಿ ಗಡಿ ಹತ್ತಿರ ನಿಲ್ಲಿಸಿಕೊಂಡು ಫೋನ್ ಮಾಡೋ ಹುಡುಗರನ್ನು ನಾನು ಬಹಳ ನೋಡಿದ್ದೇನೆ.

ಎರಡನೇದು, ಬಾಕ್ಸ್ ಕೂರುವ ರೀತಿ. ಫೀಟ್ ಲೆಕ್ಕ ನಂಬಬೇಡ. ಶೋರೂಮಿಗೆ ಟೇಪ್ ತಗೊಂಡು ಹೋಗು. ಲೋಡು ಹಾಕುವ ತೊಟ್ಟಿ ಒಳಗಿನ ಉದ್ದ, ಅಗಲ ಅಳೆದುಕೊಂಡು ಬಾ. ಮನೆ ಅಂಗಳದಲ್ಲಿ ಸೀಮೆಸುಣ್ಣದಲ್ಲಿ ಗೀಟು ಹಾಕಿ ಖಾಲಿ ಬಾಕ್ಸ್ ಜೋಡಿಸಿ ನೋಡು. ನಾಲ್ಕು ಬೆರಳು ಜಾಗ ಕಮ್ಮಿ ಆದರೆ ಒಂದು ಸಾಲೇ ಹೋಗುತ್ತದೆ, ತಿಳ್ಕೋ.

ಮೂರನೇದು, ರಾತ್ರಿ 2 ಗಂಟೆಗೆ ಗಾಡಿ ನಿಂತರೆ ಯಾರಿಗೆ ಫೋನ್ ಮಾಡ್ತೀಯ? ಆ ಮನುಷ್ಯನಿಗೆ ಯಾವ ಗಾಡಿ ಚೆನ್ನಾಗಿ ಗೊತ್ತು? ಆ ಗಾಡಿಯ ಕ್ಲಚ್ ಪ್ಲೇಟ್, ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್ ಮುಳಬಾಗಿಲಲ್ಲೇ ಸಿಗುತ್ತದಾ, ಇಲ್ಲ ಕೋಲಾರಕ್ಕೆ ಬರಬೇಕಾ? ಟೊಮೆಟೊ ಕಾಯೋದಿಲ್ಲ. ಇದನ್ನು ಕೇಳಿಕೊಂಡು ಬಂದು ಆಮೇಲೆ ಎಚ್‌ಪಿ ಮಾತಾಡೋಣ.

---

ತಾಯಲೂರು ಟೊಮೆಟೊ

ಗ್ಯಾರೇಜ್ ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ. ಭಾನುವಾರ ಎರಡೂ ಶೋರೂಮಿಗೆ ಟೇಪ್ ಹಿಡಿದುಕೊಂಡು ಹೋದೆ. ಒಬ್ಬರು ನಗುತ್ತಾ ತಾವೇ ಇನ್ನೊಂದು ತುದಿ ಹಿಡಿದರು.

ನಮ್ಮ ಬಾಕ್ಸ್ ಉದ್ದ 54 ಸೆಂ.ಮೀ., ಅಗಲ 36, ಎತ್ತರ 29. ಸಂಜೆ ಅಂಗಳದಲ್ಲಿ ಎರಡು ತೊಟ್ಟಿ ಬರೆದೆ. ಅಮ್ಮ ರಂಗೋಲಿ ಪುಡಿ ಕೊಟ್ಟರು, ಸೀಮೆಸುಣ್ಣ ಮಣ್ಣಲ್ಲಿ ಕಾಣಿಸುತ್ತಿರಲಿಲ್ಲ. ಬೊಲೆರೊದ 9 ಅಡಿ ತೊಟ್ಟಿ ಉದ್ದ ಜಾಸ್ತಿ, ಯೋಧದ್ದು ಅಗಲ ಜಾಸ್ತಿ. ನಾನೂ ತಮ್ಮನೂ ಬಾಕ್ಸ್ ಜೋಡಿಸಿದೆವು. ಮೊದಲು ಉದ್ದುದ್ದಕ್ಕೆ ಇಟ್ಟರೆ ಜಾಗ ಸುಮ್ನೆ ಖಾಲಿ ಉಳಿಯಿತು. ಅಡ್ಡ ತಿರುಗಿಸಿ ಮೂರು ಮೂರು ಇಟ್ಟಾಗ ಸರಿಯಾಗಿ ಕೂತವು. ಮೂರು ಅಡ್ಡ, ಏಳು ಉದ್ದ. ಬೊಲೆರೊದಲ್ಲೂ 21, ಯೋಧದಲ್ಲೂ 21! ಒಂದರಲ್ಲಿ ಹಿಂದೆ ಗೇಣು ಉಳಿಯುತ್ತದೆ, ಇನ್ನೊಂದರಲ್ಲಿ ಪಕ್ಕಕ್ಕೆ. ನಾಲ್ಕು ಹಂತ ಇಟ್ಟರೆ 84. ಮೇಲೆ ಮಧ್ಯದಲ್ಲಿ ಎಂಟು ಇಟ್ಟು ಹಗ್ಗ ಕಟ್ಟಿದರೆ 92. ತೂಕದ ಲೆಕ್ಕವೂ ಅಲ್ಲಿಗೇ ಮುಗಿಯುತ್ತದೆ. ಹೋದ ವರ್ಷದ ಅದೇ 92 ನೆನಪಾಗಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ಬೊಲೆರೊದಲ್ಲಿ 10 ಅಡಿ ತೊಟ್ಟಿಯದೂ ಇದೆ, 3,050 ಮಿ.ಮೀ. ಅದರಲ್ಲಿ ಎಂಟು ಸಾಲು, ಒಂದು ಹಂತಕ್ಕೆ 24. ನಾಲ್ಕು ಹಂತಕ್ಕೆ 96. ಜಾಗ ಸಿಕ್ಕರೂ ತೂಕ ಬಿಡಲ್ಲ. ಜಾಗ ಇದ್ದರೆ ಐದನೇ ಹಂತ ಇಡು ಅಂತ ಎಲ್ಲರೂ ಹೇಳುತ್ತಾರೆ, ನನಗೂ ಮನಸ್ಸಾಗುತ್ತದೆ. ಅದಕ್ಕೇ 9 ಅಡಿಯೇ ಸಾಕು ಅನಿಸಿತು.

ಹಾಗಾದರೆ ಬಾಕ್ಸ್ ಲೆಕ್ಕದಲ್ಲಿ ಎರಡೂ ಸಮ. ಈಗ ಎರಡು ಪ್ರಶ್ನೆ ಉಳಿಯಿತು. ತಮ್ಮನಿಗೆ ಬರೀ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದೆ, ಹಳದಿ ಬೋರ್ಡ್ ಓಡಿಸಲು ಬ್ಯಾಡ್ಜ್ ಬೇಕಾ? ಮತ್ತೆ ಹೊಗೆಯ ಮಸಿ ಹಿಡಿಯುವ ಈ ಡಿಪಿಎಫ್ ಫಿಲ್ಟರ್ ಅಂದರೆ ಹೆದರಿಕೆ. ಪಕ್ಕದ ಊರಿನವರ ಗಾಡಿಯಲ್ಲಿ ಲೈಟ್ ಬಂದು ಬಹಳ ಖರ್ಚಾಯಿತಂತೆ.

---

ಮಾವಿನ ಸೀಮೆ, ಶ್ರೀನಿವಾಸಪುರ

ಲೈಸೆನ್ಸ್ ಬಗ್ಗೆ ನಾನು ಹೇಳ್ತೀನಿ, ನಾವೂ ಇದೇ ಗೊಂದಲದಲ್ಲಿದ್ದೆವು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ತೀರ್ಮಾನ ಮಾಡಿದೆ. ಒಟ್ಟು ತೂಕ 7,500 ಕೆಜಿ ಒಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸ್ ಇದ್ದವರೇ ಓಡಿಸಬಹುದು, ಬೇರೆ ಎಂಡಾರ್ಸ್‌ಮೆಂಟ್ ಬೇಕಿಲ್ಲ. ಇನ್ಶೂರೆನ್ಸ್ ಕ್ಲೇಮಿಗೂ ಇದೇ ಮುಖ್ಯ. ನಿಮ್ಮ ತಮ್ಮ ಧೈರ್ಯವಾಗಿ ಓಡಿಸಲಿ. ಲೈಸೆನ್ಸ್ ತಾರೀಕು ಮುಗಿಯದ ಹಾಗೆ ನೋಡಿಕೊಳ್ಳಿ.

ಎಫ್‌ಸಿ, ಅಂದರೆ ಫಿಟ್ನೆಸ್ ಸರ್ಟಿಫಿಕೇಟ್, ಹೊಸ ಗಾಡಿಗೆ ಎರಡು ವರ್ಷ ಇರುತ್ತದೆ. ಆಮೇಲೆ ಎಂಟು ವರ್ಷದವರೆಗೂ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

---

ಗ್ಯಾರೇಜ್ ಅಣ್ಣ, ಕೋಲಾರ

ಅಂಗಳದಲ್ಲಿ ಬರೆದು ನೋಡಿದ್ದು ಕೇಳಿ ಖುಷಿಯಾಯಿತು. ಹತ್ತು ಜನಕ್ಕೆ ಹೇಳಿದರೆ ಒಬ್ಬರು ಮಾಡ್ತಾರೆ.

ಡಿಪಿಎಫ್‌ಗೆ ಹೆದರಬೇಡ, ಅದು ಏನು ಕೇಳುತ್ತದೆ ಅಂತ ತಿಳ್ಕೋ. ಹೊಗೆಯಲ್ಲಿ ಬರುವ ಮಸಿ ಸೈಲೆನ್ಸರ್ ದಾರಿಯಲ್ಲಿರುವ ಜಾಲರಿಯಲ್ಲಿ ನಿಲ್ಲುತ್ತದೆ. ಅದು ಸುಟ್ಟು ಹೋಗಬೇಕಾದರೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು. ಪೇಟೆಯಲ್ಲಿ ಎರಡು ಕಿ.ಮೀ. ಹೋಗಿ ಆಫ್ ಮಾಡೋ ಗಾಡಿಯಲ್ಲಿ ಆ ಬಿಸಿ ಬರಲ್ಲ, ಮಸಿ ತುಂಬಿಕೊಳ್ಳುತ್ತದೆ. ನಿನ್ನದು ಹೆದ್ದಾರಿ ಓಟ, ದಿನಾ ಅದರಷ್ಟಕ್ಕೆ ಅದೇ ಸುಟ್ಟುಕೊಳ್ಳುತ್ತದೆ. ನಿನಗೆ ತೊಂದರೆ ಬರೋದು ಮಂಡಿ ಗೇಟಿನ ಕ್ಯೂನಲ್ಲಿ. ಎಲ್ಲರೂ ಎಂಜಿನ್ ಆನ್ ಇಟ್ಟುಕೊಂಡು ಗಂಟೆಗಟ್ಟಲೆ ಕೂತಿರುತ್ತಾರೆ. ಅದು ಮಾಡಬೇಡ. ಆಫ್ ಮಾಡು, ಮುಂದಿನ ಗಾಡಿ ಜರುಗಿದಾಗ ಆನ್ ಮಾಡು. ಲೈಟ್ ಬಂದರೆ ಅವತ್ತೇ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ 20 ನಿಮಿಷ ಓಡಿಸು. ಬಂದ ಲೈಟನ್ನು ನೋಡಿಯೂ ನೋಡದ ಹಾಗೆ ಹದಿನೈದು ದಿನ ಓಡಿಸಿದವರಿಗೇ ಆ ದೊಡ್ಡ ಖರ್ಚು ಬರೋದು. ಅದನ್ನು ಕಿತ್ತು ಪೈಪ್ ಹಾಕಿಕೊಡ್ತೀನಿ ಅಂತ ಯಾರಾದರೂ ಬಂದರೆ ಒಪ್ಪಬೇಡ. ವಾರಂಟಿ ಹೋಗುತ್ತದೆ, ಎಫ್‌ಸಿಯಲ್ಲಿ ನಿಲ್ಲುತ್ತದೆ.

ಈಗ ಎಚ್‌ಪಿ. ಎರಡಕ್ಕೂ ಲೋಡು ಹಾಕಿ ಓಡಿಸಿ ನೋಡಿದ್ದೀಯಾ? ಖಾಲಿ ಗಾಡಿ ಟೆಸ್ಟ್ ಡ್ರೈವ್‌ನಲ್ಲಿ ಏನೂ ಗೊತ್ತಾಗಲ್ಲ.

---

ತಾಯಲೂರು ಟೊಮೆಟೊ

ಲೋಡು ಹಾಕಿ ಓಡಿಸಿದೆ. ಬೊಲೆರೊ ಮ್ಯಾಕ್ಸ್ ನಮ್ಮೂರಲ್ಲೇ ಒಬ್ಬರ ಹತ್ತಿರ ಇದೆ. ಅವರ ಲೋಡಿನ ಜೊತೆ ಕೋಲಾರಕ್ಕೆ ಹೋಗಿ, ಅರ್ಧ ದಾರಿ ನಾನೇ ಓಡಿಸಿದೆ. ಯೋಧ ಶೋರೂಮಿನವರು ಸಿಮೆಂಟ್ ಮೂಟೆ ಹಾಕಿಸಿ ಕೊಟ್ಟರು, ಅದಕ್ಕೆ ಅವರನ್ನು ಮೆಚ್ಚಬೇಕು.

ನಿಜ ಹೇಳುತ್ತೇನೆ, ಯೋಧ ಎಳೆಯುವುದು ಚೆನ್ನಾಗಿದೆ. ಓವರ್‌ಟೇಕ್ ಮಾಡುವಾಗ ಗೊತ್ತಾಗುತ್ತದೆ. ಆದರೆ ಹಿಂದೆ 90 ಬಾಕ್ಸ್ ಹಣ್ಣು ಇದ್ದಾಗ ನಾನು ಓವರ್‌ಟೇಕ್ ಮಾಡುವುದೇ ಕಮ್ಮಿ. ಹಂಪ್ ಬಂದರೆ ಎತ್ತಿನ ಗಾಡಿ ಥರ ದಾಟಿಸಬೇಕು, ಇಲ್ಲ ಅಂದರೆ ಕೆಳಗಿನ ಬಾಕ್ಸ್ ರಸ ಆಗುತ್ತದೆ. ಬೊಲೆರೊ 55, 60ರಲ್ಲಿ ನಾಲ್ಕನೇ ಗೇರಲ್ಲಿ ನೆಮ್ಮದಿಯಾಗಿ ಹೋಗುತ್ತಿತ್ತು. ನಮ್ಮ ದಾರಿಗೆ ಅಷ್ಟು ಸಾಕು. ಸಕಲೇಶಪುರದ ಸರ್ ಹೇಳಿದ್ದು ಅರ್ಥವಾಯಿತು. ನನಗೆ ಘಾಟಿ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಯೋಧವೇ ತರುತ್ತಿದ್ದೆ.

ಆಮೇಲೆ ರಾತ್ರಿ 2 ಗಂಟೆ ಪ್ರಶ್ನೆ. ನಮ್ಮೂರಿಗೆ ಬರುವ ಮೆಕ್ಯಾನಿಕ್ ಒಬ್ಬರೇ. ಹೋಗಿ ಕೇಳಿದೆ. "ಎರಡೂ ಬಿಚ್ಚುತ್ತೇನಪ್ಪ, ಬೊಲೆರೊದ್ದಾದರೆ ಕತ್ತಲಲ್ಲೂ ಬಿಚ್ಚುತ್ತೇನೆ" ಅಂದರು. ಅವರ ಅಂಗಡಿ ಗೋಡೆಯಲ್ಲಿ ಬೊಲೆರೊದ ಹಳೇ ಕ್ಲಚ್ ಪ್ಲೇಟುಗಳು ಸಾಲಾಗಿ ಮೊಳೆಗೆ ನೇತಾಡುತ್ತಿದ್ದವು. ಹೊಸದು ಡಬ್ಬದಲ್ಲಿ ಎರಡು ಇತ್ತು. ಯೋಧದ್ದು ಬೇಕಾದರೆ ಬೆಳಿಗ್ಗೆ ಅಂಗಡಿ ತೆರೆಯಬೇಕು ಅಂದರು.

ಕೊನೆಗೆ ಅಪ್ಪನನ್ನು ಕರೆದುಕೊಂಡು ಹೋದೆ. ಅವರಿಗೆ ಸೊಂಟ ನೋವು. ಎರಡೂ ಗಾಡಿ ಹತ್ತಿ ಇಳಿದರು. ಏನೂ ಮಾತಾಡಲಿಲ್ಲ. ಬೊಲೆರೊ ತೊಟ್ಟಿಯ ಹಿಂದಿನ ಬಾಗಿಲು ಕೆಳಗೆ ಬಿಟ್ಟು, ಅಂಗೈ ಚಾಚಿ ಅದರ ಎತ್ತರ ತಮ್ಮ ಎದೆಗೆ ಹಿಡಿದು ನೋಡಿದರು. ಬಾಕ್ಸ್ ಎತ್ತಿ ಕೊಡುವವರು ಅವರೇ. "ಇದು ಸರಿ ಹೋಗುತ್ತೆ" ಅಂದರು.

ಬೊಲೆರೊ ಮ್ಯಾಕ್ಸ್ 1.7, 9 ಅಡಿ, ಬಿಳಿ ಬಣ್ಣ ಬುಕ್ ಮಾಡಿದೆ. ಪರ್ಮಿಟ್ ಬಗ್ಗೆ ಅವತ್ತೇ ಮಾತಾಡಿದೆ. ಫೈನಾನ್ಸಿನವರು ಒಬ್ಬರು ಕಂತಿನೊಳಗೆ ಕೇಳದೇ ಇರುವ ಇನ್ಶೂರೆನ್ಸ್ ಸೇರಿಸಿದ್ದರು. ಅಲ್ಲೇ ಕೂತು ಪ್ರತಿ ಸಾಲು ಓದಿಸಿ ತೆಗೆಸಿದೆ.

---

ಸಕಲೇಶಪುರ ಕಾಫಿ

ಒಳ್ಳೆಯದಾಗಲಿ. ನನ್ನ ಗಾಡಿ ತಗೊಳ್ಳಲಿಲ್ಲ ಅಂತ ಒಂಚೂರೂ ಬೇಜಾರಿಲ್ಲ. ಒಂದು ದಿನ ಈ ಕಡೆ ಬಂದರೆ ಖಾಲಿ ಗಾಡಿಯಲ್ಲಾದರೂ ಘಾಟಿ ಇಳಿಸೋಣ. ಹಾಂ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡೋ ಅಭ್ಯಾಸ ತಮ್ಮನಿಗೆ ಇದ್ದರೆ ಈಗಲೇ ಬಿಡಿಸಿ. ಲೋಡ್ ಗಾಡಿಯಲ್ಲಿ ಬ್ರೇಕ್ ಕಾದು ಹೋಗುತ್ತದೆ.

---

ಗ್ಯಾರೇಜ್ ಅಣ್ಣ, ಕೋಲಾರ

ಸರಿಯಾದ ಕೆಲಸ ಮಾಡಿದೆ. ಇನ್ನೊಂದು ಬರೆದಿಟ್ಟುಕೋ. ಹೊಸ ಗಾಡಿಗೆ ಲೋಡು ಬಿದ್ದ ಮೇಲೆ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕೂರುತ್ತವೆ, ಅವನ್ನು ಆಕ್ಸಲ್‌ಗೆ ಹಿಡಿದಿರುವ ಯು ಬೋಲ್ಟುಗಳು ಸ್ವಲ್ಪ ಸಡಿಲ ಆಗುತ್ತವೆ. ಮೊದಲ ನಾಲ್ಕೈದು ಟ್ರಿಪ್ ಆದ ಮೇಲೆ ಒಂದು ಸಲ ಬಿಗಿ ಮಾಡಿಸು. ವೀಲ್ ನಟ್ಟುಗಳೂ ಅಷ್ಟೇ. ಜಾಸ್ತಿ ಪಟ್ಟಿ ಹಾಕಿಸು ಅಂತ ಯಾರೋ ಹೇಳ್ತಾರೆ, ಬೇಡ. ಪಟ್ಟಿ ಹಾಕಿದರೆ ಗಾಡಿ ಎತ್ತರ ನಿಲ್ಲುತ್ತದೆ, ಆಕ್ಸಲ್, ಬ್ರೇಕ್ ಅವೇ ಇರ್ತವೆ. ಟೈರ್ ಗಾಳಿ ಲೋಡ್ ಇರುವಾಗ ಎಷ್ಟು, ಖಾಲಿ ಇರುವಾಗ ಎಷ್ಟು ಅಂತ ಬಾಗಿಲ ಹತ್ತಿರ ಚೀಟಿ ಇಲ್ಲವೇ ಪುಸ್ತಕದಲ್ಲಿ ಇರುತ್ತದೆ, ಅದರ ಪ್ರಕಾರವೇ ಹೊಡೆಸು.

ಮಂಡಿಗೆ ಬಂದಾಗ ಗ್ಯಾರೇಜಿಗೆ ಬಾ, ನಾನೇ ಬಿಗಿ ಮಾಡಿಕೊಡ್ತೀನಿ.

---

ತಾಯಲೂರು ಟೊಮೆಟೊ

ಬರ್ತೀನಿ ಅಣ್ಣ. ಗಾಡಿ ಈ ಬುಧವಾರ ಬರುತ್ತದೆ. ಕುರುಡುಮಲೆ ಗಣಪತಿ ಹತ್ತಿರ ಪೂಜೆ ಮಾಡಿಸಿ ಮನೆಗೆ ತರುತ್ತೇವೆ. ಶನಿವಾರ ಮೂರನೇ ಕೊಯ್ಲು ಇದೆ, 84 ಬಾಕ್ಸ್ ಅಂದಾಜು. ಮೊದಲ ಲೋಡಿಗೆ ಅಷ್ಟೇ, ಮೇಲಿನ ಎಂಟು ಇಡಲ್ಲ. ನಾನೂ ಅಪ್ಪನೂ ಹೋಗ್ತೀವಿ.